ಹದಿನೆಂಟನೆಯ ಪುಟ

ಕುಂದಲಹಳ್ಳಿ
12 ಜನವರಿ 2025

ಈಶ್ವರಮ್ಮ,

ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ "ಮಗು ಅಳ್ತೈತೆ ಟೀಚರಮ್ಮ, ಮಡಗ್ತೀನಿ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಪೋಸ್ಟ್‌ಮ್ಯಾನ್ ಬಾಗಿಲಿಗೆ ತಂದುಕೊಟ್ಟದ್ದನ್ನು ಅರ್ಧಕ್ಕೇ ಇಟ್ಟುಬಿಡಲು ಆಗುವುದಿಲ್ಲವಲ್ಲ. ಮೂವತ್ತೊಂದು ವರ್ಷ ಕಾರ್ಖಾನೆಯ ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. 'ನಾವೆಲ್ಲ ಕ್ಷೇಮ' ಎಂದು ಶುರು ಮಾಡಬೇಕು ಅನ್ನುವುದು ಗೊತ್ತು. ಆದರೆ ನಾನು ಅಷ್ಟೇನೂ ಕ್ಷೇಮವಾಗಿಲ್ಲ, ಅದಕ್ಕೆ ಬರೆಯಲಿಲ್ಲ.

ಮೊದಲು ಕ್ಲಬ್ಬಿನ ಸುದ್ದಿ. ನಮ್ಮ ಕನ್ನಡ ಕಲಿಕಾ ಕೂಟಕ್ಕೆ ಈಗ ನಾಲ್ಕು ತಂಡಗಳಾಗಿವೆ. ಕ್ಲಬ್‌ಹೌಸಿನ ಯೋಗದ ಕೋಣೆ ಸಾಲದು ಎಂದು ಟೇಬಲ್ ಟೆನಿಸ್ ಕೋಣೆಯನ್ನೂ ಬಿಟ್ಟುಕೊಟ್ಟಿದ್ದಾರೆ. ಪಕ್ಕದ ಎರಡು ಅಪಾರ್ಟ್‌ಮೆಂಟುಗಳಿಂದಲೂ ಜನ ಬರುತ್ತಾರೆ. ನವೆಂಬರಿನ ವಾರ್ಷಿಕೋತ್ಸವದಲ್ಲಿ ಬಿಡುಗಡೆಯಾಯಿತಲ್ಲ, ನಮ್ಮ ಪಾಠಪುಸ್ತಕ, ಅದು ಎರಡನೇ ಸಲ ಅಚ್ಚಿಗೆ ಹೋಗುತ್ತಿದೆ. ಅಸೋಸಿಯೇಷನ್ ಕಾರ್ಯದರ್ಶಿ ಸುಬ್ರಹ್ಮಣ್ಯ ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿ, "ಮೇಡಂ, ಇಡೀ ವೈಟ್‌ಫೀಲ್ಡಲ್ಲಿ ನಮ್ದೇ ನಂಬರ್ ಒನ್ ಕ್ಲಬ್ಬು ಕಣ್ರೀ" ಎಂದು ಎದೆಯುಬ್ಬಿಸಿದ. ಈ ಸುಬ್ರಹ್ಮಣ್ಯನೇ ಒಂದು ಕಾಲದಲ್ಲಿ ನಿನ್ನ ಸೊಪ್ಪಿನ ಬುಟ್ಟಿ ಗೇಟಿಗೆ ಅಡ್ಡ ಬರುತ್ತದೆ ಎಂದು ನೋಟಿಸ್ ಹಾಕಿದ್ದವನು.

ಇಷ್ಟೆಲ್ಲ ಇದ್ದೂ ಭಾನುವಾರ ಬೆಳಿಗ್ಗೆ ಹತ್ತಾದರೆ ನನ್ನ ಕಣ್ಣು ಗೇಟಿನ ಕಡೆಗೇ ಹೋಗುತ್ತದೆ. ಏಳು ವರ್ಷದ ಹಿಂದೆ ನೀನು ಅಲ್ಲಿ ಹೊಂಗೆಮರದಡಿ ಸೊಪ್ಪು ಹರಡಿಕೊಂಡು ಕೂತಿದ್ದೆ. ಯಾಮಿನಿ ಆಗಷ್ಟೇ ನಾಗಪುರದಿಂದ ಕೆಲಸಕ್ಕೆ ಬಂದಿದ್ದಳು. ಬೆರಳು ತೋರಿಸಿ "ದಿಸ್ ಒನ್" ಎಂದಳು. ನೀನು ಮೆಂತ್ಯದ ಕಟ್ಟನ್ನು ಸೆರಗಿನಡಿ ಮುಚ್ಚಿಕೊಂಡು, "ಏನ್ ಬೇಕು, ಬಾಯ್ಬುಟ್ಟು ಏಳು" ಎಂದೆ. ನಾನು ಮಧ್ಯೆ ಬಾಯಿ ಹಾಕಿದರೆ ನನ್ನನ್ನೂ ಗದರಿದೆ: "ನೀವ್ ಸುಮ್ಕಿರಿ ಟೀಚರಮ್ಮ. ಬಾಯಿ ಅವಳ್ದು, ಒಟ್ಟೆ ಅವಳ್ದು." ಹತ್ತು ನಿಮಿಷ ಕಳೆದ ಮೇಲೆ ಆ ಹುಡುಗಿ "ಮೆಂತ್ಯ ಕೊಡಿ ಅಮ್ಮ" ಎಂದಳು. ನೀನು ಒಂದು ಕಟ್ಟಿನ ಜೊತೆ ಇನ್ನೊಂದು ಸೇರಿಸಿ ಕೊಟ್ಟೆ. ನಮ್ಮ ಕ್ಲಬ್ ಹುಟ್ಟಿದ್ದು ಅವತ್ತೇ. ಮೊದಲ ತಿಂಗಳು ಪುಸ್ತಕವಿಲ್ಲ, ಅಕ್ಷರಮಾಲೆಯಿಲ್ಲ. ನಿನ್ನ ಹತ್ತಿರ ಹೋಗಿ ಸೊಪ್ಪು ಕೇಳಬೇಕು, ನಿನಗೆ ಅರ್ಥವಾದರೆ ಪಾಸು. ವ್ಯಾಕರಣ ಆಮೇಲೆ ನನ್ನ ಪಾಲಿಗೆ.

ನೆನಪಿದೆಯಾ, ನೀನು "ಏಳು, ಏಳು" ಎಂದು ಹುರಿದುಂಬಿಸಿದರೆ ಯಾಮಿನಿ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳು. ಪಕ್ಕದ ಹುಡುಗ ಏಳು ಬೆರಳು ತೋರಿಸುತ್ತಿದ್ದ. ನೀನು ಹೇಳುತ್ತಿರುವುದು 'ಹೇಳು' ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ನಗುವಿನಲ್ಲಿ ಪಾಠವೇ ಮುಗಿದುಹೋಗುತ್ತಿತ್ತು.

ವೇಣಿಗೆ ಫ್ಯಾಕ್ಟರಿಯಲ್ಲಿ ಪಾಳಿ ಬದಲಾಗಿದೆ, ಮೊಮ್ಮಗಳನ್ನು ನೋಡಿಕೊಳ್ಳಲು ಒಂದು ತಿಂಗಳು ಅತ್ತಿಬೆಲೆಗೆ ಹೋಗಿಬರುತ್ತೇನೆ ಎಂದಿದ್ದೆ. ವಾರ್ಷಿಕೋತ್ಸವದ ಮರುವಾರವೇ ಹೊರಟೆ. ಈಗ ಎರಡು ತಿಂಗಳು. ಯಾವಾಗ ಬರುತ್ತೀ? ನಿನ್ನ ಜಾಗ ಖಾಲಿ ಇದೆ.

ಎಳ್ಳುಬೆಲ್ಲ ಬೀರಲು ಯಾರೂ ಇಲ್ಲದ
ಸುಬ್ಬಲಕ್ಷ್ಮಿ

ಕುಂದಲಹಳ್ಳಿ
23 ಫೆಬ್ರವರಿ 2025

ಈಶ್ವರಮ್ಮ,

ಉತ್ತರ ಬರೆಯದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅತ್ತಿಬೆಲೆಯಲ್ಲಿ ಬೆಂಚು ಇದೆಯೋ ಇಲ್ಲವೋ.

ಒಂದು ಪೇಚಿಗೆ ಸಿಕ್ಕಿದ್ದೇನೆ. ಜೂನ್ ತಿಂಗಳಲ್ಲಿ ಈ ಭಾಗದ ಅಪಾರ್ಟ್‌ಮೆಂಟುಗಳೆಲ್ಲ ಸೇರಿ ಒಂದು ಸಭೆ ಮಾಡುತ್ತಾರಂತೆ. 'ಯಶಸ್ವಿ ಕ್ಲಬ್ ನಡೆಸುವುದು ಹೇಗೆ' ಎಂದು ನಾನು ಭಾಷಣ ಮಾಡಬೇಕಂತೆ. ಮೂರು ಸಲ ಬರೆಯಲು ಕೂತೆ. ಶಿಸ್ತು, ಸಮಯಪಾಲನೆ, ಹಾಜರಾತಿ, ಎಂದು ಬರೆದದ್ದನ್ನು ಓದಿ ನಮ್ಮ ಯಜಮಾನರು, "ಇದು ಕ್ಲಬ್ಬಿಂದಲ್ಲ ಕಣೇ, ಪೊಲೀಸ್ ಪೆರೇಡಿಂದು" ಎಂದರು. ನನಗೂ ಹಾಗೇ ಅನ್ನಿಸಿತು.

ನಿಜ ಹೇಳಬೇಕೆಂದರೆ ಕ್ಲಬ್ಬು ತುಂಬಿದೆ, ಸದ್ದು ಮಾತ್ರ ಇಲ್ಲ. ಹೊಸ ತಂಡದವರು ಪುಸ್ತಕ ಬಿಡಿಸಿ ಕೂರುತ್ತಾರೆ, ಅಂದವಾಗಿ ಬರೆಯುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ. ಬಾಯಿ ಬಿಡುವುದಿಲ್ಲ. ತಪ್ಪಾದೀತು ಎಂದು ಹೆದರುತ್ತಾರೆ. ಮೊನ್ನೆ ಒಬ್ಬಳನ್ನು, ಕೊತ್ತಂಬರಿ ಬೇಕಿದ್ದರೆ ಹೇಗೆ ಕೇಳುತ್ತೀಯಮ್ಮ ಎಂದೆ. "ಮೊಬೈಲಲ್ಲಿ ಆರ್ಡರ್ ಮಾಡ್ತೀನಿ ಮೇಡಂ" ಎಂದಳು. ವಾಕ್ಯ ಸರಿಯಾಗಿಯೇ ಇತ್ತು. ನನಗೆ ಅಳು ಬಂತು.

ನಿನಗೆ ನನ್ನ ಮೇಲೆ ಏನಾದರೂ ಬೇಜಾರೆ? ಇರಲಾರದು. ಇದ್ದರೆ ಮುಖದ ಮೇಲೆ ಹೇಳುವವಳು ನೀನು. ವಾರ್ಷಿಕೋತ್ಸವದ ದಿನ ಪಾಯಸ ಎರಡು ಸಲ ಹಾಕಿಸಿಕೊಂಡೆಯಲ್ಲ.

ಕಾಯುತ್ತಿರುವ
ಸುಬ್ಬಲಕ್ಷ್ಮಿ

ಅತ್ತಿಬೆಲೆ
9 ಮಾರ್ಚ್ 2025

ಪೂಜ್ಯ ಟೀಚರಮ್ಮನವರಿಗೆ ಈಶ್ವರಮ್ಮ ಮಾಡುವ ನಮಸ್ಕಾರಗಳು. ತಮ್ಮ ಎರಡು ಪತ್ರಗಳೂ ತಲುಪಿದವು. ಇಲ್ಲಿ ನಾವೆಲ್ಲರೂ ಆರೋಗ್ಯವಾಗಿದ್ದೇವೆ. ಕ್ಲಬ್ ಚೆನ್ನಾಗಿ ನಡೆಯುತ್ತಿರುವುದನ್ನು ತಿಳಿದು ಸಂತೋಷವಾಯಿತು. ಮಗುವನ್ನು ಬಿಟ್ಟು ಬರಲು ಸಾಧ್ಯವಿಲ್ಲದ ಕಾರಣ ಕ್ಷಮಿಸಬೇಕು.
ಈಶ್ವರಮ್ಮ

ಮೇಡಂ, ಇಲ್ಲಿಂದ ಕೆಳಗೆ ಬರೆಯುತ್ತಿರುವವಳು ಅವರ ಮಗಳು ವೇಣಿ. ಅಮ್ಮನಿಗೆ ಗೊತ್ತಿಲ್ಲ.

ಮೇಲಿನದು ಅಮ್ಮ ಹೇಳಿದ್ದಲ್ಲ. ಅಮ್ಮ ಹೇಳಿದ್ದನ್ನು ನಾನು ತಿದ್ದಿದ್ದು. ತಿದ್ದು ಎಂದವರೂ ಅವರೇ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ, ಬರೆಯಲು ಬರುತ್ತದೆ. ಆದರೂ ಪೆನ್ನು ನನ್ನ ಕೈಗೆ ಕೊಟ್ಟು, "ನಾನ್ ಬರುದ್ರೆ ತಪ್ಪಾಯ್ತದೆ, ನೀನು ಸರಿ ಮಾಡ್ಕಂಡು ಬರಿ" ಎಂದರು.

ನನ್ನ ಮಗಳು ಶರಣ್ಯಳಿಗೆ ಎರಡೂವರೆ ವರ್ಷ. ಇನ್ನೂ ಮಾತು ಬಂದಿಲ್ಲ. ಡಾಕ್ಟರು, ಮಗುವಿಗೆ ಕಿವಿ ಎಲ್ಲ ಸರಿ ಇದೆ, ಮನೆಯಲ್ಲಿ ಯಾರಾದರೂ ಅದರ ಜೊತೆ ಹೆಚ್ಚು ಹೆಚ್ಚು ಮಾತಾಡಬೇಕು ಎಂದರು. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವುದು, ಇವರು ಹೊಸೂರಿಗೆ ಹೋಗುತ್ತಾರೆ. ಅಮ್ಮ ಬರುತ್ತಾರೆ, ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದೆ. ನಿಮಗೇ ಗೊತ್ತು, ಅಮ್ಮ ಮಾತಿಗೆ ನಿಂತರೆ ಕೆರೆಯ ಆಚೆ ದಡಕ್ಕೂ ಕೇಳುತ್ತಿತ್ತು.

ಮೇಡಂ, ಅಮ್ಮ ಮಗುವಿನ ಹತ್ತಿರ ಮಾತಾಡುವುದೇ ಇಲ್ಲ. ಸ್ನಾನ ಮಾಡಿಸುತ್ತಾರೆ, ಉಣ್ಣಿಸುತ್ತಾರೆ, ಎಲ್ಲ ಮೂಕವಾಗಿ. ಯಾಕಮ್ಮ ಎಂದರೆ, "ಮಗೀಗೆ ನನ್ ಬಾಯಿ ಬಂದ್ಬುಟ್ರೆ? ನಾಳೆ ಇಸ್ಕೂಲ್ನಾಗೆ ನಗ್ತಾರೆ" ಎನ್ನುತ್ತಾರೆ. ನಿಮ್ಮ ಪುಸ್ತಕವನ್ನು ಜೊತೆಗೇ ತಂದಿದ್ದಾರೆ. ಮಗು ಮಲಗಿದಾಗ ಹದಿನೆಂಟನೆಯ ಪುಟ ತೆಗೆದುಕೊಂಡು ಬಾಯಿಪಾಠ ಮಾಡುತ್ತಾರೆ. ರಜೆಯ ದಿನ ನಾನು ಅಡಿಗೆಮನೆಯಿಂದ ಕೇಳಿಸಿಕೊಂಡೆ. ಹಾಲು, ಹಾಲು ಎಂದು ಉಸಿರು ಜಗ್ಗಿ ಜಗ್ಗಿ ಹೇಳುತ್ತಿದ್ದರು. ಆಮೇಲೆ ಮಗು ಎದ್ದು ಅತ್ತಾಗ ಆ ಮಾತು ಬಾಯಿಗೆ ಬರಲಿಲ್ಲ. ಸುಮ್ಮನೆ ಲೋಟ ಕೊಟ್ಟರು.

ನಿಮ್ಮನ್ನು ದೂರಲು ಬರೆಯುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ. ದೂರಲಿಕ್ಕೇ ಬರೆಯುತ್ತಿದ್ದೇನೆ ಮೇಡಂ.

ವೇಣಿ

ಕುಂದಲಹಳ್ಳಿ
16 ಮಾರ್ಚ್ 2025

ಈಶ್ವರಮ್ಮ,

ವೇಣಿ ಎಲ್ಲ ಬರೆದಿದ್ದಾಳೆ. ಅವಳನ್ನು ಬೈಯಬೇಡ.

ನಾನು ಕನ್ನಡಕ ಹಾಕಿಕೊಂಡು ಹದಿನೆಂಟನೆಯ ಪುಟ ತೆಗೆದೆ. ನಾನೇ ಬರೆದ ಪುಟ. ಎಡಗಡೆಯ ಸಾಲಿಗೆ 'ತಪ್ಪು' ಎಂದು ತಲೆಬರಹ, ಬಲಗಡೆಯ ಸಾಲಿಗೆ 'ಸರಿ'. ಎಡಗಡೆ ಏಳು, ಇಂಗೆ, ಅಂಗೆ, ಆಲು, ಒಟ್ಟೆ, ಆಮ್ಯಾಕೆ, ಓಗ್ತೀನಿ. ಒಂದೊಂದನ್ನು ಓದುವಾಗಲೂ ಕಿವಿಯಲ್ಲಿ ನಿನ್ನ ಗಂಟಲು. ಈ ಮಾತುಗಳು ನನಗೆ ಎಲ್ಲಿಂದ ಸಿಕ್ಕಿದವು ಗೊತ್ತಾ? ಏಳು ವರ್ಷದಿಂದ ನೀನು ಆಡಿದ್ದನ್ನೆಲ್ಲ ನಾನು ಪ್ರೀತಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಪುಸ್ತಕ ಮಾಡುವಾಗ ಕಲಿಯುವವರಿಗೆ ಗೊಂದಲ ಆಗಬಾರದು ಎಂದುಕೊಂಡು, ಆ ನೋಟ್‌ಬುಕ್ಕು ಎದುರಿಗಿಟ್ಟುಕೊಂಡು, ಎಲ್ಲವನ್ನೂ ಎಡಗಡೆಗೆ ತುಂಬಿದೆ. ಮೇಷ್ಟ್ರ ಕೈಗೆ ಕೆಂಪು ಶಾಯಿ ಸಿಕ್ಕರೆ ಗೆಳತಿಯ ಮುಖವೂ ಕಾಣುವುದಿಲ್ಲ.

ಸಾಲದ್ದಕ್ಕೆ ವಾರ್ಷಿಕೋತ್ಸವದಲ್ಲಿ ಯಾಮಿನಿಯ ಕೈಯಲ್ಲಿ ಅದೇ ಪುಟ ಓದಿಸಿದೆ. ಅವಳು ಎಡಗಡೆಯದನ್ನು ಓದುವುದು, ಸಭೆ ಬಲಗಡೆಯದನ್ನು ಕೂಗುವುದು. ನೀನು ಹೊಸ ಹಸಿರು ಸೀರೆಯುಟ್ಟು ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಮಕ್ಕಳಿಗೆ ವಿವರಿಸಿ ಬರೆಯಿರಿ ಎಂದು ಕೊಡುತ್ತಿದ್ದ ಗಾದೆ ಈಗ ನನ್ನ ಪಾಲಿಗೇ ಬಂತು.

ಎರಡನೇ ಮುದ್ರಣ ನಿಲ್ಲಿಸಿದ್ದೇನೆ. ಆಗಲೇ ಹಂಚಿದ ಪುಸ್ತಕಗಳಿಗಾಗಿ ಮನೆಮನೆಯ ಬೆಲ್ ಒತ್ತಿ, ಆ ಹಾಳೆಯನ್ನು ನಾನೇ ಹರಿದು ತರುತ್ತಿದ್ದೇನೆ. ಅದರ ಹಿಂದೆ ಹದಿನೇಳನೆಯ ಪುಟದಲ್ಲಿ ಬಸ್ ಹತ್ತುವ ಪಾಠವಿತ್ತು, ಅದೂ ಹೋಯಿತು. ಹೋಗಲಿ, ಎಲ್ಲರೂ ಮೆಟ್ರೋದಲ್ಲಿ ಓಡಾಡಲಿ.

ನಿನ್ನ ಮಾತಿನಲ್ಲೇ ಕೇಳಿಕೊಳ್ಳುತ್ತೇನೆ: ತಪ್ಪಾಗ್ಬುಟ್ಟೈತೆ ಕಣವ್ವಾ, ಒಟ್ಟೆಗಾಕ್ಕಂಡು ಬಂದ್ಬುಡವ್ವಾ.

ನಿನ್ನ
ಸುಬ್ಬಲಕ್ಷ್ಮಿ

ಅತ್ತಿಬೆಲೆ
20 ಏಪ್ರಿಲ್ 2025

ಟೀಚರಮ್ಮ,

ಪೆನ್ನು ನಾನೇ ಇಡ್ಕಂಡಿವ್ನಿ. ಅದ್ಕೇ ತಡ ಆಯ್ತು. ತಪ್ಪಿದ್ರೆ ಇರ್ಲಿ.

ವೇಣೀನ ಬೈದೆ. ಬೈಬ್ಯಾಡ ಅಂದಿದ್ರಿ, ಅದು ನಂಗೂ ಅವಳ್ಗೂ ಬುಡಿ.

ನನ್ ಮಾತ್ನಾಗೆ ಬರ್ಯಾಕ್ ಓಗ್ಬ್ಯಾಡಿ. ನಾವು ಅಂಗೆ ಮಾತ್ಮಾತ್ಗೂ ಅವ್ವಾ ಅವ್ವಾ ಅನ್ನಾಕಿಲ್ಲ. ನಿಮ್ ಬಾಯಾಗೆ ಅದು ನಾಟ್ಕ ಆಯ್ತದೆ. ನಿಮ್ದು ನೀವ್ ಆಡಿ.

ಪುಟ ಅರ್ದಾಕ್ತಿದ್ದೀರಂತೆ. ಪುಟ ಏನ್ ಮಾಡ್ತು? ನೀವು ಟೀಚರು, ಸರಿ ತಪ್ಪು ಬರೀದೆ ಇನ್ನೇನ್ ಬರೀತೀರಿ. ಯಾಮಿನಿ ಓದಿದ್ಲು, ಅವಳು ಉಡ್ಗಿ, ಕೊಟ್ಟಿದ್ ಓದಿದ್ಲು. ಜನ ನಕ್ರು. ಜನ ಅಂದ್ಮ್ಯಾಕೆ ನಗ್ತಾರೆ. ನಾನೂ ನಕ್ಕೆ. ನಗ್ತಾ ನಿಮ್ ಕಡೆ ತಿರುಗ್ ನೋಡ್ದೆ, ನೀವ್ ಏನಾರ ಏಳ್ತೀರಿ ಅಂತ. ನೀವೂ ನಗ್ತಾ ಇದ್ರಿ.

ಅಷ್ಟೇಯ ಆಗಿದ್ದು. ಅಡ್ಕೆಗೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಅಂತಾರೆ. ನೀವು ಆನೆ ಇಡ್ಕಂಡು ಮನೆಮನೆ ತಿರುಗ್ತಾ ಇದ್ದೀರಿ.

ಈಶ್ವರಮ್ಮ

ಕುಂದಲಹಳ್ಳಿ
29 ಜೂನ್ 2025

ಈಶ್ವರಮ್ಮ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲೇ ಇಲ್ಲವೆಂದಲ್ಲ, ಬರೆದು ಬರೆದು ಹರಿದೆ. 'ಎಲ್ಲರೂ ನಕ್ಕಾಗ ನನಗೂ ಅರಿವಿಲ್ಲದೆ ನಗು ಬಂತು' ಎಂದು ಒಂದರಲ್ಲಿ ಬರೆದಿದ್ದೆ. ಸುಳ್ಳು. 'ನಿನ್ನನ್ನು ನೋಡಿ ನಗಲಿಲ್ಲ, ಮಾತಿಗೆ ನಕ್ಕೆ' ಎಂದು ಇನ್ನೊಂದರಲ್ಲಿ. ಅದು ಇನ್ನೂ ದೊಡ್ಡ ಸುಳ್ಳು.

ನಕ್ಕೆ, ಈಶ್ವರಮ್ಮ. ನೀನು ತಿರುಗಿ ನೋಡಿದ್ದೂ ನನಗೆ ಗೊತ್ತು. ಎದುರಿನ ಸಾಲುಗಳಲ್ಲಿ ದೊಡ್ಡ ದೊಡ್ಡವರೆಲ್ಲ ಕೂತಿದ್ದರು. ಅವರು ನಗುತ್ತಿದ್ದರು, ನಾನೂ ಅವರ ಕಡೆಯವಳು ಎಂದು ಅವರಿಗೆ ಕಾಣಬೇಕಿತ್ತು. ಆ ಒಂದು ಗಳಿಗೆ ನೀನು ನನ್ನ ಗೆಳತಿಯಾಗಿರಲಿಲ್ಲ, ಗೇಟಿನ ಸೊಪ್ಪಿನವಳಾಗಿದ್ದೆ. ಪುಟ ಹರಿಯುವುದು ಸುಲಭವಾಗಿತ್ತು. ಇದನ್ನು ಬರೆಯುವುದು ಕಷ್ಟ. ಅದಕ್ಕೇ ಆ ಪುಟದ ಹಿಂದೆ ಬಿದ್ದಿದ್ದೆ.

ಇನ್ನೊಂದೂ ಹೊಳೆಯಿತು. ನಿನಗಿಂತ ನಾನು ಎರಡೇ ವರ್ಷಕ್ಕೆ ದೊಡ್ಡವಳು. ಮೊದಲ ದಿನದಿಂದ ನಾನು ನಿನ್ನನ್ನು 'ನೀನು' ಎಂದೆ, ನೀನು ನನ್ನನ್ನು 'ನೀವು' ಎಂದೆ. ನಾವಿಬ್ಬರೂ ಸೇರಿ ಅಷ್ಟು ಜನಕ್ಕೆ ಕನ್ನಡ ಕಲಿಸಿದೆವು, ಇದು ನನ್ನ ಗಮನಕ್ಕೇ ಬರಲಿಲ್ಲ.

ಹೋದ ಭಾನುವಾರ ಆ ಭಾಷಣ ಇತ್ತು. ಬರೆದುಕೊಂಡ ಹಾಳೆ ಕೈಯಲ್ಲೇ ಇತ್ತು, ಓದಲಿಲ್ಲ. "ನಮ್ಮ ಕ್ಲಬ್ಬನ್ನು ನಡೆಸಿದ್ದು ನಾನಲ್ಲ. ನಡೆಸಿದವಳನ್ನು ನೋಡಿ ನಾನು ಒಂದು ದಿನ ನಕ್ಕೆ. ಅವತ್ತಿನಿಂದ ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುತ್ತಿಲ್ಲ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಸಭೆಗೆ ಅದು ಬೇಕಿರಲಿಲ್ಲ. ಸುಬ್ರಹ್ಮಣ್ಯ ಎದ್ದು ಬಂದು, "ಮೇಡಂ, ಟೈಮಾಯ್ತು" ಎಂದು ಪಿಸುಗುಟ್ಟಿದ. ಚಪ್ಪಾಳೆ ಬರಲಿಲ್ಲ, ಚಹಾ ಬಂತು. ಯಾಮಿನಿ ಮಾತ್ರ ಹಿಂದಿನ ಸಾಲಿನಿಂದ ಓಡಿಬಂದಳು, ಕಣ್ಣೆಲ್ಲ ಕೆಂಪಾಗಿತ್ತು. "ಓದಿದ್ದು ನಾನು ಆಂಟಿ. ನಂಗೆ ಮೊದಲು ಮಾತು ಕೊಟ್ಟಿದ್ದೇ ಅಮ್ಮ, ಅವರ ಮಾತನ್ನೇ ತಪ್ಪು ಅಂತ ಓದ್ಬಿಟ್ಟೆ" ಎಂದಳು. ಇಬ್ಬರೂ ಕ್ಲಬ್‌ಹೌಸಿನ ಮೆಟ್ಟಿಲ ಮೇಲೆ ಕೂತು ಅತ್ತೆವು. ಕಾವಲಿನವನು ನೀರು ತಂದುಕೊಟ್ಟ.

ಕ್ಲಬ್ಬಿಗೆ ಬಾ ಎಂದು ಇನ್ನು ಕರೆಯುವುದಿಲ್ಲ. ಇಷ್ಟು ದಿನ ಕರೆದದ್ದೂ ಕ್ಲಬ್ಬಿಗಾಗಿ ಅಲ್ಲ. ಸಂಜೆ ಸೊಪ್ಪೆಲ್ಲ ಮುಗಿದ ಮೇಲೆ ನೀನು ಬುಟ್ಟಿ ಬೋರಲು ಹಾಕಿ ನನಗೆ ಕೂರಲು ಕೊಟ್ಟು, ನೀನು ಕಲ್ಲಿನ ಮೇಲೆ ಕೂತು, ಊರಿನದೆಲ್ಲ ಹೇಳುತ್ತಿದ್ದೆಯಲ್ಲ, ನನಗೆ ಅದು ಬೇಕು. ಬೇರೆ ಏನೂ ಬೇಡ.

ನನ್ನನ್ನು ಕ್ಷಮಿಸುವುದು ಬಿಡುವುದು ನಿಧಾನಕ್ಕೆ ಆಗಲಿ. ಶರಣ್ಯಳ ಹತ್ತಿರ ಮಾತ್ರ ಇವತ್ತೇ ಮಾತಾಡು. ಮಗುವಿಗೆ ನಿನ್ನ ಬಾಯಿ ಬರಲಿ. ಅದಕ್ಕಿಂತ ಒಳ್ಳೆಯ ಬಾಯಿ ನನಗೆ ಗೊತ್ತಿಲ್ಲ. ಶಾಲೆ, ಕ್ಲಬ್ಬು ಸೇರಿ ಮೂವತ್ತೆಂಟು ವರ್ಷ ಕನ್ನಡ ಕಲಿಸಿದವಳ ಮಾತು ಇದು, ಅಷ್ಟನ್ನಾದರೂ ನಂಬು.

ಜುಲೈ 13ರ ಭಾನುವಾರ ಕ್ಲಾಸಿಗೆ ರಜೆ ಕೊಟ್ಟಿದ್ದೇನೆ. ಅತ್ತಿಬೆಲೆಗೆ ಬರಲೇ? ಬೇಡ ಎಂದರೆ ಬರುವುದಿಲ್ಲ.

ಸುಬ್ಬಲಕ್ಷ್ಮಿ

ಅತ್ತಿಬೆಲೆ
7 ಜುಲೈ 2025

ಟೀಚರಮ್ಮ,

ಕಾಗ್ದ ಮೂರ್ ಸಲ ಓದ್ದೆ. ನಾನು ಮರ್ತಿಲ್ಲ. ಮರ್ತೋಯ್ತು ಅಂತ ಸುಳ್ ಏಳಾಕೂ ಇಲ್ಲ. ಆದ್ರೆ ನಕ್ಕೆ ಅಂತ ಬರುದ್ರಲ್ಲ, ಅದು ಸುಲಬ ಅಲ್ಲ, ನಂಗೊತ್ತು.

ಶರಣ್ಯ ಮಾತಾಡ್ತಾವ್ಳೆ. ಪೆನ್ನು ಇಡ್ದ ದಿನದಿಂದ್ಲೇ ನಾನು ಅವಳ್ ತಾವ ಬಾಯ್ಬುಟ್ಟೆ. ಓದ್ ವಾರ ಲೋಟ ಎತ್ಕಂಡ್ ಬಂದು "ಆಲು" ಅಂದ್ಲು. ವೇಣಿ ನನ್ ಮಕ ನೋಡಿದ್ಲು, ನಾನ್ ಅವಳ್ ಮಕ ನೋಡ್ದೆ. ಲೋಟದ ತುಂಬ ಉಯ್ದು ಕೊಟ್ಟೆ. ಈಗ ದಿನಾ ಒಂದೊಂದು ಏಳ್ತಾಳೆ. ಬಾಯಿ ಮುಚ್ಚಾಕಿಲ್ಲ.

ನಾನು ಕುಂದಲಳ್ಳಿಗೆ ವಾಪಸ್ ಬರಾಕಿಲ್ಲ. ಕಾಯ್ಬ್ಯಾಡಿ. ಯಾಮಿನೀಗೆ ಏಳಿ, ಅಮ್ಮಂಗೆ ಕ್ವಾಪ ಇಲ್ಲ ಅಂತ. ನಿಜ್ವಾಗ್ಲೂ ಇಲ್ಲ.

ಬಾನುವಾರ ಬರ್ಬ್ಯಾಡಿ. ನಮ್ ವಟಾರದಾಗೆ ಒಡಿಶಾದಿಂದ ಬಂದಿರೋ ಎಣ್ಮಕ್ಳು ಅವ್ರೆ, ಫ್ಯಾಕ್ಟ್ರಿ ಕೆಲ್ಸದೋರು. ಬಾನುವಾರ ಬಾನುವಾರ ಅವರ್ಗೆ ಕನ್ನಡ ಏಳ್ಕೊಡ್ತಿವ್ನಿ. ನಂಗೆ ಕ್ಲಾಸೈತೆ.

ಸೋಮವಾರ ಬಾ.

ಈಶ್ವರಮ್ಮ